ಬಣ್ಣ ಯಾವುದೇ ಇರಲಿ, ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ

ಚಂದಕವಾಡಿ ಹೋಬಳಿಯ ಹಾಗೂ ಚಾಮರಾಜನಗರ, ಗುಂಡ್ಲುಪೇಟೆ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳಲ್ಲಿ ಈಗಿರುವ, ಮುಂದೆ ಆರಿಸಿ ಬರಲಿರುವ ಎಲ್ಲ ಸದಸ್ಯರಿಗೆ,

ಮಾನ್ಯರೇ, ಅಕ್ಕಂದಿರೇ, ಅಣ್ಣಂದಿರೇ,

ನಾನು ನಿಮ್ಮದೇ ಸೀಮೆಯವನು. ಹೊಲದಲ್ಲಿ ಅರಿಶಿನ, ಸಣ್ಣ ಈರುಳ್ಳಿ ಹಾಕುತ್ತೇನೆ. ಅದಕ್ಕೆ ಮುಂಚೆ, ಬಿ.ಎಸ್ಸಿ. ಮುಗಿಸಿ ಇಲ್ಲಿ ಕೆಲಸ ಸಿಗದ ಬಹಳಷ್ಟು ಹುಡುಗರಂತೆ ನಾನೂ ದಿಂಬಂ ಘಾಟಿ ಇಳಿದು ತಿರುಪ್ಪೂರಿಗೆ ಹೋದವನು. ಅಲ್ಲಿನವರು ಸಾಯಪಟ್ಟರೆ ಎನ್ನುವ ಡೈಯಿಂಗ್ ಘಟಕವೊಂದರ ಲ್ಯಾಬಿನಲ್ಲಿ ಶೇಡ್ ಹೊಂದಿಸುವ ಕೆಲಸ ಮಾಡಿದೆ. ಬಟ್ಟೆಗೆ ಬಣ್ಣ ಹೇಗೆ ಹಿಡಿಯುತ್ತದೆ ಎಂಬುದನ್ನೂ ಹಿಡಿಯದೆ ಉಳಿದ ಬಣ್ಣ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಕಣ್ಣಾರೆ ಕಂಡಿದ್ದೇನೆ. ಈ ಪತ್ರ ಬರೆಯುತ್ತಿರುವುದು ಎರಡನೆಯದರ ಸಲುವಾಗಿ.

ನಿಮ್ಮ ಮುಂದೆ ನಾಳೆಯೋ ನಾಲ್ಕು ವರ್ಷದ ಮೇಲೋ ಒಂದು ಅರ್ಜಿ ಬರಬಹುದು. ರಾಸಾಯನಿಕವಿಲ್ಲ, ಬ್ಯಾಕ್ಟೀರಿಯಾದಿಂದ ಬಣ್ಣ ತೆಗೆದು ಬಟ್ಟೆಗೆ ಹಾಕುತ್ತೇವೆ, ಊರಿನ ಹುಡುಗರಿಗೆ ಕೆಲಸ ಕೊಡುತ್ತೇವೆ ಎಂದು ಅದರಲ್ಲಿ ಬರೆದಿರುತ್ತದೆ. ಇದು ನನ್ನ ಕಲ್ಪನೆಯ ಓಟವಲ್ಲ. ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ಬಯೋಇ3 ಎಂಬ ನೀತಿಗೆ ಒಪ್ಪಿಗೆ ಕೊಟ್ಟಿತು. ಸೂಕ್ಷ್ಮಜೀವಿಗಳನ್ನು ಬಳಸಿ ಸಾಮಾನು ತಯಾರಿಸುವ ಉದ್ಯಮಗಳಿಗೆ ಒತ್ತಾಸೆಯಾಗಿ ನಿಲ್ಲುವುದೇ ಅದರ ಉದ್ದೇಶ. ಇತ್ತ ನಮ್ಮಲ್ಲಿ ಬದನಗುಪ್ಪೆ–ಕೆಲ್ಲಂಬಳ್ಳಿ ಕೈಗಾರಿಕಾ ಪ್ರದೇಶವಿದೆ. ಈರೋಡು, ತಿರುಪ್ಪೂರಿನ ಬಟ್ಟೆ ಮಾರುಕಟ್ಟೆ ಒಂದು ಘಾಟಿ ಇಳಿದರೆ ಸಿಗುತ್ತದೆ. ಹೊಸ ಬಗೆಯ ಡೈಯಿಂಗ್‌ನವರಿಗೆ ನಮ್ಮ ಜಿಲ್ಲೆ ಕಣ್ಣಿಗೆ ಬೀಳದೆ ಇರದು.

ಊರಿನ ಟೀ ಅಂಗಡಿಯಲ್ಲಿ ಈ ವಿಷಯ ಎತ್ತಿದೆ. ಒಬ್ಬರು, 'ಬ್ಯಾಕ್ಟೀರಿಯಾನಾ? ರೋಗ ಬತ್ತದೆ, ಬ್ಯಾಡ ಕಣಪ್ಪ' ಅಂದರು. ಇನ್ನೊಬ್ಬರು, 'ಕೆಮಿಕಲ್ ಇಲ್ಲ ಅಂದ್ಮೇಲೆ ಏನಾಯ್ತದೆ, ಬರ್ಲಿ ಬುಡು' ಅಂದರು. ಪಂಚಾಯಿತಿ ಸಭೆಯಲ್ಲೂ ಈ ಎರಡೇ ಮಾತು ಕೇಳಿಬಂದರೆ ನಾವು ಕೆಟ್ಟೆವು. ಆದ್ದರಿಂದ ಮೊದಲು, ಅದು ಏನು ಎಂದು ಹೇಳುತ್ತೇನೆ.

ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವಾಗ ನಾವು ಮಾಡುವುದು ಬ್ಯಾಕ್ಟೀರಿಯಾ ಸಾಕುವ ಕೆಲಸವೇ. ಕಾರ್ಖಾನೆಯ ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ನಡೆಯುವುದೂ ಅದೇ. ವ್ಯತ್ಯಾಸವೇನೆಂದರೆ, ಅಲ್ಲಿಯ ಬ್ಯಾಕ್ಟೀರಿಯಾಕ್ಕೆ ಹೆಚ್ಚಾಗಿ ಬಣ್ಣ ತಯಾರಿಸುವ ಜೀನ್ ಸೇರಿಸಿರುತ್ತಾರೆ. ಆ ಜೀನ್ ಗಿಡದ್ದೋ ಹುಳುವಿನದೋ ಬೇರೊಂದು ಸೂಕ್ಷ್ಮಜೀವಿಯದೋ ಆಗಿರಬಹುದು. ಸಕ್ಕರೆ, ಸಾರಜನಕ ಕೊಟ್ಟು ಬೆಳೆಸಿದರೆ ಅದು ತನ್ನ ಪಾಡಿಗೆ ಬಣ್ಣ ಮಾಡುತ್ತದೆ. 1983ರಲ್ಲಿ ಅಮೆರಿಕದ ಆಮ್ಜೆನ್ ಕಂಪನಿಯ ವಿಜ್ಞಾನಿಗಳು ನ್ಯಾಫ್ತಲೀನ್ ಅರಗಿಸುವ ಬ್ಯಾಕ್ಟೀರಿಯಾದ ಜೀನ್‌ಗಳನ್ನು ಇ. ಕೊಲೈ ಎಂಬ ಬ್ಯಾಕ್ಟೀರಿಯಾಕ್ಕೆ ಸೇರಿಸಿ ನೋಡುತ್ತಿದ್ದರು. ತಟ್ಟೆಯಲ್ಲಿ ಬೆಳೆದದ್ದು ನೀಲಿಗಟ್ಟಿತು. ಜೀನ್ಸ್ ಪ್ಯಾಂಟಿನ ಇಂಡಿಗೋ ಅದೇ. ಆಮೇಲೆ ಜೆನೆನ್‌ಕೋರ್ ಎಂಬ ಕಂಪನಿ ಅದನ್ನು ದೊಡ್ಡದಾಗಿ ಮಾಡಲು ಹೊರಟಿತಾದರೂ ಪೇಟೆಯಲ್ಲಿ ನೆಲೆಯೂರಲಿಲ್ಲ. ಪೆಟ್ರೋಲಿಯಂ ಎಣ್ಣೆಯಿಂದ ತೆಗೆದ ಇಂಡಿಗೋ ಅಷ್ಟು ಅಗ್ಗವಾಗಿತ್ತು.

2018ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಇಂಡಿಗೋ ನೀರಿನಲ್ಲಿ ಕರಗುವುದಿಲ್ಲ. ಹೀಗಾಗಿ ಜೀನ್ಸ್ ಕಾರ್ಖಾನೆಗಳಲ್ಲಿ ಹೈಡ್ರೋಸಲ್ಫೈಟ್ ಹಾಕಿ ಕರಗಿಸುತ್ತಾರೆ. ಅದರ ಉಳಿಕೆಯೆಲ್ಲ ಚರಂಡಿ ನೀರಿಗೆ. ನೀಲಿ ಗಿಡ ಮಾತ್ರ ಬಣ್ಣದ ತಾಯಿ ಅಣುವಿಗೆ ಒಂದು ಸಕ್ಕರೆ ಅಣು ಅಂಟಿಸಿ ಅದನ್ನು ಕಾಪಾಡಿಕೊಂಡಿರುತ್ತದೆ. ಆ ಜಾಣತನದ ಜೀನನ್ನೇ ಗಿಡದಿಂದ ಎತ್ತಿ ಬ್ಯಾಕ್ಟೀರಿಯಾಕ್ಕೆ ಕೊಟ್ಟರು. ಬಟ್ಟೆಯ ಮೇಲೆ ಕಿಣ್ವ ಹಾಕಿದಾಗ ಸಕ್ಕರೆ ಕಳಚಿ ನೀಲಿ ಮೂಡಿತು, ಹೈಡ್ರೋಸಲ್ಫೈಟ್ ಬೇಕಾಗಲಿಲ್ಲ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಕಲರಿಫಿಕ್ಸ್ ಕಂಪನಿಯದು ಇನ್ನೂ ಬೇರೆ ದಾರಿ. ಅವರು ಬಣ್ಣವನ್ನು ಬೇರ್ಪಡಿಸುವುದೇ ಇಲ್ಲ. ಬ್ಯಾಕ್ಟೀರಿಯಾ ಸಮೇತ ದ್ರವವನ್ನು ಈಗಿರುವ ಡೈಯಿಂಗ್ ಯಂತ್ರಕ್ಕೇ ಬಿಟ್ಟು ಕಾಯಿಸುತ್ತಾರೆ. ಕಾವಿಗೆ ಬ್ಯಾಕ್ಟೀರಿಯಾ ಒಡೆದು ಸಾಯುತ್ತದೆ, ಬಣ್ಣ ನೂಲಿಗೆ ಇಳಿಯುತ್ತದೆ. ನೇಪಾಳದಲ್ಲಿ ಕುಡಿಯುವ ನೀರಿನ ಆರ್ಸೆನಿಕ್ ಪತ್ತೆಗೆ ಕೆಲಸ ಮಾಡುತ್ತಿದ್ದ ಕೇಂಬ್ರಿಡ್ಜ್‌ನ ವಿಜ್ಞಾನಿಗಳು, ಅಲ್ಲಿ ಡೈಯಿಂಗ್ ಕೊಳೆ ಹೊಳೆಗೆ ಹರಿಯುವುದನ್ನು ಕಂಡು ಈ ಕಡೆ ತಿರುಗಿದರು ಎಂಬುದು ಕಂಪನಿಯ ಹುಟ್ಟಿನ ಕಥೆ. ನಮ್ಮ ದೇಶದಲ್ಲೇ ಕೆಬಿಕಾಲ್ಸ್ ಎಂಬ ಸಂಸ್ಥೆ, ಜೀನ್ ಬದಲಿಸದೆ, ಪ್ರಕೃತಿಯಲ್ಲಿ ತಾನಾಗಿ ಬಣ್ಣವಿರುವ ಸೂಕ್ಷ್ಮಜೀವಿಗಳಿಂದ ಬಟ್ಟೆ ಬಣ್ಣ ತೆಗೆಯುತ್ತಿದೆ.

ರೋಗದ ಭಯ ಇಟ್ಟುಕೊಂಡವರಿಗೆ ಒಂದು ಮಾತು. ನಮ್ಮ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಹಿರಿಯರು ಎಷ್ಟು ಜನ ಇದ್ದಾರೆ ನೋಡಿ. ಜೀನ್ ತಿದ್ದಿದ ಇ. ಕೊಲೈಯಿಂದ ತೆಗೆದ ಇನ್ಸುಲಿನ್ 1982ರಲ್ಲೇ ಅಮೆರಿಕದ ಪೇಟೆಗೆ ಬಂತು. ಬೆಂಗಳೂರಿನ ಬಯೋಕಾನ್ 2004ರಿಂದ ಜೀನ್ ತಿದ್ದಿದ ಯೀಸ್ಟ್‌ನಿಂದ ತೆಗೆದ ಇನ್ಸುಲಿನ್ ಮಾರುತ್ತಿದೆ. ಲ್ಯಾಬಿನಲ್ಲಿ ಸಾಕುವ ಇ. ಕೊಲೈ ತಳಿಗಳು ಹೊರಗಿನ ಮಣ್ಣು ನೀರಿನಲ್ಲಿ ಬಾಳಿ ಬದುಕುವಷ್ಟು ಗಟ್ಟಿ ಅಲ್ಲ. ಹಾಗೆಂದು ಏನೂ ಕೇಳಬೇಡಿ ಎನ್ನುತ್ತಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ ಎನ್ನುತ್ತಿದ್ದೇನೆ.

ಆ ಪ್ರಶ್ನೆ ನನಗೆ ಗೊತ್ತಾದದ್ದು ತಿರುಪ್ಪೂರಿನಲ್ಲಿ. ಹತ್ತಿ ಬನಿಯನ್ ಬಟ್ಟೆಗೆ ರಿಯಾಕ್ಟಿವ್ ಬಣ್ಣ ಹಾಕುವಾಗ ಬಣ್ಣ ನೂಲಿಗೆ ಹಿಡಿಯಲಿ ಎಂದು ಉಪ್ಪು ಸುರಿಯುತ್ತಾರೆ. ಲೀಟರ್ ನೀರಿಗೆ 50 ಗ್ರಾಂ, ಕಡುಗಪ್ಪು, ಕಡುನೀಲಿಯಾದರೆ 80 ಗ್ರಾಂವರೆಗೂ. ಮೂಟೆ ಮೂಟೆ ಉಪ್ಪು. ಅದರಲ್ಲಿ ಒಂದು ಹರಳೂ ಬಟ್ಟೆಯಲ್ಲಿ ಉಳಿಯುವುದಿಲ್ಲ. ಬಣ್ಣದಲ್ಲೂ ಐದನೇ ಒಂದು ಪಾಲೋ ಇನ್ನೂ ಹೆಚ್ಚೋ ಹಿಡಿಯದೆ ತೊಳೆದುಹೋಗುತ್ತದೆ. ಒಂದು ಕಿಲೋ ಬಟ್ಟೆಯನ್ನು ಬ್ಲೀಚ್ ಮಾಡಿ, ಬಣ್ಣ ಹಾಕಿ, ಸೋಪು ನೀರಿನಲ್ಲಿ ಜಾಲಿಸಿ ಮುಗಿಸುವ ಹೊತ್ತಿಗೆ ಹಳೆಯ ಯಂತ್ರಗಳಲ್ಲಿ 100 ಲೀಟರ್ ಸುಮಾರಿನ ನೀರು ಬೇಕು. ಶೇಡ್ ತಪ್ಪಿದರೆ ಬಣ್ಣ ತೆಗೆದು ಮತ್ತೆ ಮೊದಲಿಂದ. ಶೇಡ್ ತಪ್ಪದ ವಾರ ಇರಲಿಲ್ಲ.

ಆ ನೀರೆಲ್ಲ ಹೋಗಿದ್ದು ನೊಯ್ಯಲ್ ಹೊಳೆಗೆ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ ಕಾವೇರಿ ಸೇರುವ ಹೊಳೆ ಅದು. ತಿರುಪ್ಪೂರಿನ ಕೆಳಗಡೆ, ಒರತ್ತುಪಾಳೆಯಂನಲ್ಲಿ, ರೈತರ ಜಮೀನಿಗೆ ನೀರು ಕೊಡಲೆಂದು 1992ರಲ್ಲಿ ಅಣೆಕಟ್ಟು ಕಟ್ಟಿದರು. ಅದು ಡೈಯಿಂಗ್ ಕೊಚ್ಚೆ ನಿಲ್ಲುವ ಜಾಗವಾಯಿತು. ನೀರಾವರಿಗೆ ಕಟ್ಟಿಸಿಕೊಂಡ ಅಣೆಯ ನೀರನ್ನು ಬೇಡವೇ ಬೇಡ ಎನ್ನುವ ಗತಿ ರೈತರಿಗೆ ಬಂತು. ನಾನು ಒಮ್ಮೆ ಜೊತೆಗಾರರೊಂದಿಗೆ ಅಲ್ಲಿಗೆ ಹೋಗಿದ್ದೆ. ಬಾವಿ ತುಂಬ ನೀರಿತ್ತು, ಹೊಲದಲ್ಲಿ ಬೆಳೆ ಇರಲಿಲ್ಲ. ಬದುವಿನ ಮೇಲೆ ಬಿಳಿ ಉಪ್ಪು ಕಟ್ಟಿತ್ತು. ಹೊಲದ ಯಜಮಾನರು ನಾವು ಡೈಯಿಂಗ್ ಕಡೆಯವರು ಎಂದು ಗೊತ್ತಾದ ಮೇಲೂ ಬೈಯಲಿಲ್ಲ, ಕೂರಲು ಹೇಳಿದರು. ಕುಡಿಯಲು ಕೊಟ್ಟದ್ದು ಕ್ಯಾನಿನ ನೀರು.

ನೊಯ್ಯಲ್ ಆಯಕಟ್ಟಿನ ರೈತರು ಕೋರ್ಟಿಗೆ ಹೋದರು. ಮದ್ರಾಸ್ ಹೈಕೋರ್ಟ್ 2006ರಲ್ಲಿ ಕೊಳೆ ನಿಲ್ಲಿಸಲು ಆದೇಶ ಕೊಟ್ಟಿತು, 2009ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಆದರೂ ಕೊಳೆ ನಿಲ್ಲದಿದ್ದಾಗ 2011ರ ಜನವರಿಯಲ್ಲಿ ಹೈಕೋರ್ಟ್ ತಿರುಪ್ಪೂರಿನ ನೂರಾರು ಡೈಯಿಂಗ್ ಘಟಕಗಳನ್ನೇ ಮುಚ್ಚಿಸಿತು. ಒಂದು ತೊಟ್ಟು ಕೊಳೆ ನೀರೂ ಹೊರಗೆ ಬಿಡದ ವ್ಯವಸ್ಥೆ ಮಾಡಿಕೊಂಡವರಿಗೆ ಮಾತ್ರ ಆಮೇಲೆ ಬಾಗಿಲು ತೆರೆಯಿತು. ಕೋರ್ಟಿನ ದಾರಿಯಲ್ಲಿ ನ್ಯಾಯ ಸಿಕ್ಕಿತು, ಸರಿ. ಅಷ್ಟರಲ್ಲಿ ಹೊಲಗಳು ಕೆಟ್ಟಿದ್ದವು.

ನಮ್ಮ ಸುವರ್ಣಾವತಿಯೂ ಕಾವೇರಿಗೆ ಸೇರುವ ಹೊಳೆಯೇ. ಚಿಕ್ಕಹೊಳೆ ಜಲಾಶಯ ತುಂಬುವುದು ಮಳೆ ಮನಸ್ಸು ಮಾಡಿದ ವರ್ಷ ಮಾತ್ರ. ಎಷ್ಟೋ ಕೆರೆಗಳಿಗೆ ಕಬಿನಿಯಿಂದ ಪಂಪ್ ಮಾಡಿ ನೀರು ತುಂಬಿಸುತ್ತಿದ್ದೇವೆ. ಹಾಗೆ ಕರೆಂಟು ಸುಟ್ಟು ತಂದ ನೀರಿಗೆ ಯಾವ ಬಣ್ಣ ಬೆರೆತರೂ ಅದು ಜೈವಿಕವೋ ರಾಸಾಯನಿಕವೋ ಎಂದು ದನಕರುಗಳು ವಿಚಾರಿಸುವುದಿಲ್ಲ.

ಬ್ಯಾಕ್ಟೀರಿಯಾ ಬಣ್ಣದಿಂದ ನೀರಿಗೆ ಲಾಭವಿದೆ ಎಂಬುದನ್ನು ನಾನು ನಂಬುತ್ತೇನೆ. ಎಣ್ಣೆಯಿಂದ ಇಂಡಿಗೋ ತೆಗೆಯುವ ಕಡೆ ಅನಿಲಿನ್, ಫಾರ್ಮಾಲ್ಡಿಹೈಡ್, ಸಯನೈಡ್ ಬಗೆಯ ವಸ್ತುಗಳು ಓಡಾಡುತ್ತವೆ. ಅದೆಲ್ಲ ತಪ್ಪುವುದು ದೊಡ್ಡದೇ. ಉಪ್ಪಿನ ಹೊರೆ ಇಳಿದರೆ ಇನ್ನೂ ದೊಡ್ಡದು. ಆದರೆ ಲ್ಯಾಬಿನಲ್ಲಿ ನಿಂತವನಾಗಿ ಹೇಳುತ್ತೇನೆ, ಬಣ್ಣ ಬದಲಾದರೂ ಬಟ್ಟೆ ಬದಲಾಗಿರುವುದಿಲ್ಲ. ಹತ್ತಿ ಬಟ್ಟೆಯ ಮೇಣ ತೆಗೆಯಲು ಕಾಸ್ಟಿಕ್ ಬೇಕು, ಬಿಳುಪಿಗೆ ಪೆರಾಕ್ಸೈಡ್ ಬೇಕು. ಬಣ್ಣ ಬ್ಯಾಕ್ಟೀರಿಯಾದ್ದು ಎಂದು ಬೋರ್ಡು ಹಾಕಿದ ಕಾರ್ಖಾನೆಯ ಹಿಂಬದಿಯಿಂದಲೂ ಇವು ಹರಿಯಬಹುದು. ಜೊತೆಗೆ ಹೊಸದೊಂದು ಕೊಳೆ ಸೇರುತ್ತದೆ. ಬ್ಯಾಕ್ಟೀರಿಯಾಕ್ಕೆ ಹಾಕಿ ಉಳಿದ ಸಕ್ಕರೆ, ಸಾರಜನಕ, ಸತ್ತ ಜೀವಕೋಶಗಳ ರಾಶಿ. ಇದು ವಿಷವಲ್ಲ. ಆದರೆ ಸಂಸ್ಕರಿಸದೆ ಕೆರೆಗೆ ಬಿಟ್ಟರೆ ನೀರಿನ ಆಮ್ಲಜನಕವನ್ನೆಲ್ಲ ತಿಂದುಹಾಕುತ್ತದೆ. ಮೀನು ಸಾಯುತ್ತವೆ, ಅಂತರಗಂಗೆ ಮುಚ್ಚಿಕೊಳ್ಳುತ್ತದೆ, ಊರು ನಾರುತ್ತದೆ.

ಇನ್ನೊಂದು ಒಳಮಾತು. ಟ್ಯಾಂಕಿನಲ್ಲಿ ಬೇರೆ ಸೂಕ್ಷ್ಮಜೀವಿ ಸೇರಿಕೊಂಡು ಇಡೀ ಬ್ಯಾಚ್ ಕೆಡುವ ದಿನಗಳು ಇರುತ್ತವೆ. ಕರೆಂಟು ಹೋಗಿ ಕೆಡುವ ದಿನವೂ ಇರುತ್ತದೆ. ಸಾವಿರಾರು ಲೀಟರ್ ದ್ರವವನ್ನು ಆ ರಾತ್ರಿ ಏನು ಮಾಡುತ್ತೀರಿ ಎಂದು ಕೇಳಿ. ಎಲ್ಲವೂ ಸರಿಯಾಗಿ ನಡೆದ ದಿನದ ಲೆಕ್ಕವನ್ನು ಅವರು ಚೆನ್ನಾಗಿ ಪ್ರಿಂಟ್ ಹಾಕಿಸಿ ತಂದಿರುತ್ತಾರೆ. ಕೆಟ್ಟ ರಾತ್ರಿಯ ಲೆಕ್ಕವನ್ನು ನೀವು ಕೇಳಿ ತೆಗೆಸಬೇಕು.

ನಮ್ಮ ಬೆಳೆಗಳ ವಿಷಯಕ್ಕೆ ಬರುತ್ತೇನೆ. ಗುಂಡ್ಲುಪೇಟೆ ಕಡೆ ಕಂಪನಿ ಒಪ್ಪಂದದಲ್ಲಿ ಚೆಂಡುಹೂ ಬೆಳೆಯುವವರು ಬಹಳ ಜನ. ಕೇರಳದವರು ರಸ್ತೆ ಬದಿ ನಿಂತು ಫೋಟೊ ತೆಗೆಸಿಕೊಳ್ಳುವ ಹೊಲಗಳವು. ಹೂವು ಪೇಂಟ್ ಮಾಡಲು ಹೋಗುತ್ತದೆ ಎಂದೇ ನಮ್ಮಲ್ಲಿ ಅನೇಕರ ಎಣಿಕೆ. ಹೆಚ್ಚಾಗಿ ಹೋಗುವುದು ಅದರಿಂದ ಲ್ಯೂಟೀನ್ ತೆಗೆಯಲು. ಕೋಳಿ ಆಹಾರದಲ್ಲಿ ಬೆರೆಸಿದರೆ ಮೊಟ್ಟೆಯ ಭಂಡಾರ ಕಡು ಹಳದಿಯಾಗುತ್ತದೆ, ಕಣ್ಣಿನ ಮಾತ್ರೆಗೂ ಬೇಕು. ಚಂದಕವಾಡಿ ಸುತ್ತ ನಾವು ಬೆಳೆಯುವ ಅರಿಶಿನದ ಹಳದಿ ಕರ್ಕ್ಯುಮಿನ್. ಜಪಾನಿನ ವಿಜ್ಞಾನಿಗಳು 2008ರಲ್ಲೇ ಅದನ್ನು ಇ. ಕೊಲೈ ಒಳಗೆ ತಯಾರಿಸಿ ತೋರಿಸಿದ್ದಾರೆ.

ಅಂದರೆ ನಮ್ಮ ಬೆಳೆಯ ಬಣ್ಣವೂ ಮುಂದೆ ಟ್ಯಾಂಕಿನಿಂದ ಬರಬಹುದು. ಗಾಬರಿ ಬೇಡ, ಮರೆವೂ ಬೇಡ. ಜರ್ಮನಿಯ ಬಿಎಎಸ್ಎಫ್ 1897ರಲ್ಲಿ ಕೃತಕ ಇಂಡಿಗೋ ಮಾರಲು ಶುರು ಮಾಡಿದ ಮೇಲೆ ಭಾರತದ ನೀಲಿ ಬೆಳೆ ಕೆಲವೇ ವರ್ಷಗಳಲ್ಲಿ ನೆಲ ಕಚ್ಚಿತು. ಚಂಪಾರಣ್ಯದ ಬಿಳಿಯ ತೋಟಗಾರರು ಆ ನಷ್ಟವನ್ನು ತಾವು ಹೊರಲಿಲ್ಲ. ನೀಲಿ ಬೆಳೆಯುವ ಕಟ್ಟುಪಾಡಿನಿಂದ ಬಿಡಿಸುತ್ತೇವೆ ಎಂದು ರೈತರ ಗೇಣಿ ಏರಿಸಿದರು, ಇಡಿಗಂಟು ವಸೂಲಿ ಮಾಡಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗುವ ಹೊತ್ತಿಗೆ ರೈತರು ಹೊತ್ತಿದ್ದ ಭಾರದಲ್ಲಿ ಅದೂ ಸೇರಿತ್ತು. ಬೆಳೆಗೆ ಬೇಡಿಕೆ ಬಿದ್ದಾಗ ಒಪ್ಪಂದದ ಕಾಗದ ಯಾರ ಕಡೆ ವಾಲುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ. ಇದರ ಎದುರಿಗೆ ಇನ್ನೊಂದನ್ನೂ ಹೇಳಬೇಕು. ಮಲೇರಿಯಾ ಔಷಧಿ ಆರ್ಟೆಮಿಸಿನಿನ್ ಅನ್ನು ಸನೋಫಿ ಕಂಪನಿ 2013ರಿಂದ ಜೀನ್ ತಿದ್ದಿದ ಯೀಸ್ಟ್ ನೆರವಿನಲ್ಲಿ ತಯಾರಿಸಿತು. ಹೊಲದಲ್ಲಿ ಬೆಳೆದ ಗಿಡದ್ದೇ ಅಗ್ಗವಾಗಿ, ಟ್ಯಾಂಕು ಕೈ ಸೋತಿತು. ಕರ್ಕ್ಯುಮಿನ್‌ನಲ್ಲೂ ಹಾಗೇ ಆಗಬಹುದು. ಸಾರಿಗೆ ಹಾಕುವ ಅರಿಶಿನಕ್ಕಂತೂ ಟ್ಯಾಂಕಿನ ಭಯವಿಲ್ಲ. ಚೆಂಡುಹೂವಿನ ಒಪ್ಪಂದದವರು ಮಾತ್ರ ಎಚ್ಚರವಾಗಿರಬೇಕು, ಏಕೆಂದರೆ ಆ ಹೂವನ್ನು ಕೊಳ್ಳುವುದು ಒಪ್ಪಂದ ಮಾಡಿಕೊಂಡ ಕಂಪನಿಯೊಂದೇ.

ನಿಮ್ಮ ಕೈಯಲ್ಲಿ ಏನಿದೆ ಎಂದು ಕೇಳುತ್ತೀರಿ. ಕೈಗಾರಿಕಾ ಪ್ರದೇಶದೊಳಗೆ ಪಂಚಾಯಿತಿ ಮಾತು ನಡೆಯುವುದಿಲ್ಲ, ಎಲ್ಲ ಬೆಂಗಳೂರಿನಲ್ಲೇ ಮುಗಿದಿರುತ್ತದೆ ಎಂಬ ಕೊರಗು ನನಗೂ ಗೊತ್ತು. ಆದರೆ ನೀವು ಬಳಸದೆ ಬಿಟ್ಟಿರುವ ಒಂದು ಅಧಿಕಾರವಿದೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಬರೆಸಬೇಕು. ಗಿಡ, ಪ್ರಾಣಿಯಷ್ಟೇ ಅಲ್ಲ, ಸೂಕ್ಷ್ಮಜೀವಿಯೂ ಆ ಕಾಯ್ದೆಯ ಲೆಕ್ಕದಲ್ಲಿ ಜೈವಿಕ ಸಂಪನ್ಮೂಲವೇ. ಅಂದರೆ ನಮ್ಮ ಕೆರೆಯ ಕೆಸರಿನಿಂದ, ಬಿಳಿಗಿರಿರಂಗನ ಬೆಟ್ಟದ ಮಣ್ಣಿನಿಂದ ಬಣ್ಣದ ಬ್ಯಾಕ್ಟೀರಿಯಾ ಎತ್ತಿ ವ್ಯಾಪಾರ ಮಾಡಿದರೆ ಅದರ ಲಾಭದಲ್ಲಿ ಪಾಲು ಕೇಳುವ ದಾರಿ ಕಾಯ್ದೆಯಲ್ಲಿದೆ. ಅಳಲೆಕಾಯಿ, ಮುತ್ತುಗ, ಹೊನ್ನೆ, ಕುಂಕುಮದ ಮರ ಇವೆಲ್ಲ ಬಣ್ಣಕ್ಕೆ ಬಳಕೆಯಲ್ಲಿದ್ದ ಗಿಡಮರಗಳೇ. ಅವುಗಳ ಗುಣ ಬಲ್ಲವರು ಸೋಲಿಗರ ಹಿರಿಯರು. ನಾಳೆ ಬ್ಯಾಕ್ಟೀರಿಯಾಕ್ಕೆ ಸೇರುವ ಜೀನ್ ಇಂಥ ಗಿಡದ್ದೇ ಇರಬಹುದು.

ಬರೆದಿಟ್ಟ ಕಾಗದಕ್ಕೆ ಎಷ್ಟು ಬೆಲೆ ಎಂಬುದನ್ನು ಅರಿಶಿನವೇ ಒಮ್ಮೆ ತೋರಿಸಿದೆ. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಅಮೆರಿಕದಲ್ಲಿ 1995ರಲ್ಲಿ ಪೇಟೆಂಟ್ ಕೊಟ್ಟಿದ್ದರು. ನಮ್ಮ ದೇಶದ ಸಂಶೋಧನಾ ಸಂಸ್ಥೆ ಸಿಎಸ್ಐಆರ್ ಹಳೆಯ ಬರಹಗಳನ್ನು ಮುಂದಿಟ್ಟು ವಾದಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು. 'ನಮ್ಮಜ್ಜಿ ಹಚ್ಚುತ್ತಿದ್ದಳು' ಎಂಬ ಬಾಯಿಮಾತಿನಿಂದ ಆದ ಕೆಲಸವಲ್ಲ ಅದು. ನಿಮ್ಮ ಪಂಚಾಯಿತಿ ಬೀರುವಿನಲ್ಲಿ ದಾಖಲಾತಿ ಪುಸ್ತಕ ಇದೆಯೇ, ಇದ್ದರೆ ಅದರಲ್ಲಿ ನಿಮ್ಮ ಊರಿನದೇ ಗಿಡಗಳಿವೆಯೇ, ಪಕ್ಕದೂರಿನ ಪುಸ್ತಕದ ನಕಲೇ, ಒಮ್ಮೆ ತೆಗೆದು ನೋಡಿ.

ಇನ್ನೊಂದು ಬಾಗಿಲು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿದೆ. ಜೀನ್ ತಿದ್ದಿದ ಜೀವಿಗಳ ಬಳಕೆಗೆ 1989ರ ಕೇಂದ್ರ ನಿಯಮಗಳಿವೆ. ಅದರಂತೆ ಇಂಥ ಘಟಕಗಳ ಮೇಲೆ ಕಣ್ಣಿಡಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿ ಇರಬೇಕು. ಮಾಲಿನ್ಯ ಮಂಡಳಿಯವರು, ಆರೋಗ್ಯ ಇಲಾಖೆಯವರು, ಕೃಷಿ ಇಲಾಖೆಯವರು ಅದರಲ್ಲಿರುತ್ತಾರೆ. ಪಂಚಾಯಿತಿಯ ಹೆಸರು ಅಲ್ಲಿಲ್ಲ. ಆದರೂ ನಮ್ಮನ್ನೂ ಸಭೆಗೆ ಕರೆಯಿರಿ ಎಂದು ಕೇಳಿ ಬರೆಯಲು ಯಾರೂ ಅಡ್ಡಿ ಮಾಡುವುದಿಲ್ಲ.

ನನ್ನ ಬೇಡಿಕೆ ಇಷ್ಟು. ಅರ್ಜಿ ಬರುವವರೆಗೆ ಕಾಯದೆ ಈ ವರ್ಷವೇ ಜೀವವೈವಿಧ್ಯ ಸಮಿತಿಯ ಸಭೆ ಕರೆಯಿರಿ, ದಾಖಲಾತಿಯಲ್ಲಿ ಬಣ್ಣದ ಗಿಡಗಳಿಗೆ ಒಂದು ಭಾಗ ತೆಗೆದಿಡಿ. ಸೋಲಿಗರನ್ನು ಕೇಳಿ ಬರೆಸಿ, ಅವರು ಬರೆಯಬೇಡಿ ಎಂದದ್ದನ್ನು ಬಿಡಿ. ಕಾರ್ಖಾನೆಯವರು ಬಂದಾಗ ಯಾವ ಜೀವಿ, ಯಾವ ತಳಿ, ಅದರಲ್ಲಿ ಆಂಟಿಬಯೋಟಿಕ್‌ಗೆ ಜಗ್ಗದ ಜೀನ್ ಇದೆಯೇ, ಹೊರಬೀಳುವ ಮೊದಲು ಅದನ್ನು ಹೇಗೆ ಕೊಲ್ಲುತ್ತೀರಿ ಎಂಬುದನ್ನು ಕನ್ನಡದಲ್ಲಿ ಬರೆದು ಕೊಡಲು ಹೇಳಿ. ದಿನಕ್ಕೆ ಎಷ್ಟು ನೀರು ಒಳಗೆ, ಎಷ್ಟು ಹೊರಗೆ, ಕೆಸರು ಎಲ್ಲಿಗೆ ಎಂಬ ಲೆಕ್ಕ ಪಂಚಾಯಿತಿ ಕಚೇರಿಯ ಗೋಡೆ ಮೇಲೆ ಪ್ರತಿ ವಾರ ಬರಬೇಕು ಎಂದು ಷರತ್ತು ಕೇಳಿ. ಕಾರ್ಖಾನೆ ಶುರುವಾಗುವ ಮೊದಲೇ ಸುತ್ತಲಿನ ಕೆರೆ, ಬಾವಿ, ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ನಾಳೆ ನೀರು ಕೆಟ್ಟಾಗ 'ನಿಮ್ಮ ನೀರು ಮೊದಲೇ ಹೀಗಿತ್ತು' ಎನ್ನುತ್ತಾರೆ. ಈ ಉತ್ತರ ನಾನು ತಿರುಪ್ಪೂರಿನಲ್ಲಿ ಕೇಳಿದ್ದೇನೆ. ಚೆಂಡುಹೂ ಒಪ್ಪಂದದ ಕಾಗದವನ್ನು ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿ. ಕಂಪನಿ ಕೊಳ್ಳುವುದನ್ನು ನಿಲ್ಲಿಸುವುದಾದರೆ ಒಂದು ಬೆಳೆ ಮುಂಚೆ ತಿಳಿಸಬೇಕು ಎಂಬ ಸಾಲು ಅದರಲ್ಲಿರಲಿ.

ಇಷ್ಟಕ್ಕೂ ಒಪ್ಪಿ ಬರುವವರಿದ್ದರೆ ಬರಲಿ. ನಮ್ಮ ಬಿ.ಎಸ್ಸಿ. ಓದಿದ ಹೆಣ್ಣುಮಕ್ಕಳು ಆ ಲ್ಯಾಬಿನಲ್ಲಿ ಕೆಲಸ ಮಾಡಿ ಸಂಜೆ ಮನೆಗೆ ಬರುವಂತಾದರೆ ಮೊದಲು ಸಂತೋಷಪಡುವವನು ನಾನು. ಒಪ್ಪದವರಿಗೆ, ಅವರ ಬಣ್ಣ ಬ್ಯಾಕ್ಟೀರಿಯಾದ್ದಾದರೂ ಹೂವಿನದ್ದಾದರೂ, ನಮ್ಮಲ್ಲಿ ಜಾಗವಿಲ್ಲ ಎಂದು ನಿರ್ಣಯ ಬರೆದು ಜಿಲ್ಲಾಧಿಕಾರಿಗಳಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಕಳಿಸಿ. ನಿಮ್ಮ ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿಕೊಳ್ಳಬೇಕೆಂದು ಕೈಮುಗಿದು ಕೇಳುತ್ತೇನೆ. ಕರೆದರೆ ಬಂದು, ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಚಂದಕವಾಡಿ ಹೋಬಳಿಯ ಒಬ್ಬ ಅರಿಶಿನ ಬೆಳೆಗಾರ
ಚಾಮರಾಜನಗರ ತಾಲ್ಲೂಕು